ಚಿಕ್ಕಬಳ್ಳಾಪುರದ ಚಳಿಗೆ ಬ್ರೊಮೆಲಿಯಾಡ್ ಹೊರಗೆ ಇಡಬಹುದಾ?

ಟೆರೇಸ್_ಚಿಕ್ಕಬಳ್ಳಾಪುರ:
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ನಾಲ್ಕು ತರದ ಬ್ರೊಮೆಲಿಯಾಡ್ (ಅನಾನಸ್ ಕುಟುಂಬದ ಅಲಂಕಾರದ ಗಿಡ) ಇವೆ. ಕೆಂಪು ಹೂವಿನ ಗುಸ್ಮೇನಿಯಾ, ನಡುಭಾಗ ಕೆಂಪಾಗುವ ನಿಯೋರೆಜೀಲಿಯಾ, ಎಲೆಗೆ ವಿಭೂತಿ ಬಳಿದಂತಿರುವ ಎಕ್ಮಿಯಾ, ಮತ್ತೆ ಪರಿಚಯದವರು ಮರಿ ಕಿತ್ತು ಕೊಟ್ಟ ಬಿಲ್‌ಬರ್ಜಿಯಾ. ಎಲ್ಲವೂ ಟೆರೇಸ್ ಮೇಲೆ ಹಸಿರು ನೆಟ್ ಕೆಳಗಿವೆ. ಈ ವಾರ ಬೆಳಗಿನ ಜಾವ 10-11 ಡಿಗ್ರಿಗೆ ಇಳಿಯುತ್ತಿದೆ, ನಂದಿ ಬೆಟ್ಟದ ಕಡೆ ಮಂಜು ಕವಿದರೆ ಒಂಬತ್ತು ಗಂಟೆಯಾದರೂ ಬಿಸಿಲು ಕಾಣುವುದಿಲ್ಲ. ಗುಸ್ಮೇನಿಯಾ ಎಲೆ ಮೇಲೆ ನೀರು ಕುಡಿದಂಥ ಮಚ್ಚೆಗಳು ಬಂದು ಈಗ ಕಂದು ಬಣ್ಣಕ್ಕೆ ತಿರುಗಿವೆ. ಉಳಿದ ಮೂರೂ ಚೆನ್ನಾಗಿವೆ. ಇದು ಚಳಿಗೆ ಆಗಿದ್ದಾ ಅಥವಾ ರೋಗವಾ? ಎಲ್ಲವನ್ನೂ ಒಳಗೆ ತರಬೇಕಾ? ಮನೆಯಲ್ಲಿ ಜಾಗ ಇಲ್ಲ, ಇರುವ ಕುಂಡಗಳಿಗೇ ನಮ್ಮತ್ತೆ ಗೊಣಗುತ್ತಿದ್ದಾರೆ.

ಕಲ್ಪತರು_ತೋಟ (ತುಮಕೂರು):
ಚಳಿಯೇ ಮೇಡಂ. ನಾಲ್ಕರಲ್ಲಿ ಗುಸ್ಮೇನಿಯಾಗೆ ಮಾತ್ರ ಆಗಿದೆ ಅಂದ ಮೇಲೆ ಅನುಮಾನವೇ ಬೇಡ. ಇವೆಲ್ಲ ಒಂದೇ ಕುಟುಂಬ, ಅನಾನಸ್ ಕೂಡ ಇದೇ ಕುಟುಂಬದ್ದು, ಆದರೆ ಹುಟ್ಟೂರು ಬೇರೆ ಬೇರೆ. ಗುಸ್ಮೇನಿಯಾಗಳು ಹೆಚ್ಚಾಗಿ ಕೊಲಂಬಿಯಾ, ಈಕ್ವೆಡಾರ್ ಕಡೆಯ ಒದ್ದೆ ಕಾಡಿನವು. ನಾವು ಮನೆಗೆ ತರುವ ತಳಿಗಳಿಗೆ ರಾತ್ರಿ 13 ಡಿಗ್ರಿಗಿಂತ ಕೆಳಗಿಳಿದರೆ ಕಷ್ಟ ಶುರು. ಬಿಲ್‌ಬರ್ಜಿಯಾ ನ್ಯೂಟಾನ್ಸ್ (nutans) ದಕ್ಷಿಣ ಬ್ರೆಜಿಲ್, ಉರುಗ್ವೆ, ಅರ್ಜೆಂಟೀನಾ ಕಡೆಯದ್ದು, ಅಲ್ಲಿ ಚಳಿಗಾಲ ಅಂದರೆ ಚಳಿಗಾಲವೇ. ಇಬ್ಬನಿ ಹೆಪ್ಪುಗಟ್ಟುವಂಥ ಚಳಿಯನ್ನೂ ಸ್ವಲ್ಪ ಮಟ್ಟಿಗೆ ತಡೆದುಕೊಳ್ಳುತ್ತದೆ, ನಿಮ್ಮ 10 ಡಿಗ್ರಿ ಅದಕ್ಕೆ ಲೆಕ್ಕಕ್ಕೇ ಇಲ್ಲ. ನಿಯೋರೆಜೀಲಿಯಾ ಒಂದೆರಡು ರಾತ್ರಿ 5 ಡಿಗ್ರಿಯನ್ನೂ ಸಹಿಸುತ್ತದೆ. ಎಕ್ಮಿಯಾ ಫ್ಯಾಸಿಯೇಟಾ ನಡುವಿನದು, 10ರವರೆಗೆ ಪರವಾಗಿಲ್ಲ, ಅದರ ಕೆಳಗೆ ಬೇಡ.

ಹೆಸರು ಗೊತ್ತಿಲ್ಲದ ಗಿಡವಾದರೆ ಎಲೆ ಮುಟ್ಟಿ ನೋಡಿ. ದಪ್ಪಗೆ, ಗಡುಸಾಗಿ, ಅಂಚಿನಲ್ಲಿ ಮುಳ್ಳಿದ್ದರೆ ಸಾಮಾನ್ಯವಾಗಿ ಗಟ್ಟಿ ಗಿಡ. ತೆಳ್ಳಗೆ, ಮೆತ್ತಗೆ, ನುಣ್ಣಗೆ ಹೊಳೆಯುತ್ತಿದ್ದರೆ ನಾಜೂಕಿನದು. ಎಲ್ಲದಕ್ಕೂ ಹೊಂದುವುದಿಲ್ಲ, ಆದರೂ ನರ್ಸರಿಯಲ್ಲಿ ನಿಂತು ಯೋಚಿಸುವಾಗ ಉಪಯೋಗಕ್ಕೆ ಬರುತ್ತದೆ.

ಮಾವಿನೂರು (ಕೋಲಾರ):
ಸ್ವಲ್ಪ ತಡೆಯಿರಿ, ಎಲ್ಲದಕ್ಕೂ ಚಳಿಯನ್ನೇ ದೂರಬೇಡಿ. ಗುಸ್ಮೇನಿಯಾ ಒಂದೇ ಸಲ ಹೂ ಬಿಡುವುದು. ಆಮೇಲೆ ತಾಯಿ ಗಿಡ ನಿಧಾನಕ್ಕೆ ಒಣಗುತ್ತದೆ, ಪಕ್ಕದಲ್ಲಿ ಮರಿ ಬರುತ್ತದೆ. ಜನ ಹೂವಿರುವ ಗಿಡವನ್ನೇ ಕೊಳ್ಳುತ್ತಾರೆ, ಅಂದರೆ ಅದರ ಅರ್ಧ ಆಯಸ್ಸು ಅಂಗಡಿಯಲ್ಲೇ ಮುಗಿದಿರುತ್ತದೆ, ಇದನ್ನು ಮಾರುವವರು ಬಾಯಿ ಬಿಟ್ಟು ಹೇಳುವುದಿಲ್ಲ. ಹೂ ಹಳೆಯದಾಗಿದೆಯಾ ನೋಡಿ. ಇನ್ನೊಂದು, ನಡುವಿನ ಎಲೆಯನ್ನು ಮೆಲ್ಲಗೆ ಎಳೆಯಿರಿ. ಕೈಗೇ ಬಂದು ಕೆಟ್ಟ ವಾಸನೆ ಹೊಡೆದರೆ ಸುಳಿ ಕೊಳೆತಿದೆ ಅಂತ.

ಟೆರೇಸ್_ಚಿಕ್ಕಬಳ್ಳಾಪುರ:
ಹೂ ಇನ್ನೂ ಕೆಂಪಗೇ ಇದೆ ಸರ್. ಎಳೆದು ನೋಡಿದೆ, ಸುಳಿ ಬಿಗಿಯಾಗಿದೆ, ವಾಸನೆ ಇಲ್ಲ. ನೀರು ಮಾತ್ರ ಸಂಜೆ ಹಾಕುತ್ತೇನೆ, ಬೋರ್‌ವೆಲ್ ನೀರು, ಎಲೆಗಳು ಸೇರಿ ನಡುವೆ ಆಗುವ ಬಟ್ಟಲು ತುಂಬುವಷ್ಟು.

ಕಲ್ಪತರು_ತೋಟ (ತುಮಕೂರು):
ಅಲ್ಲೇ ಇದೆ ನೋಡಿ ಅರ್ಧ ತೊಂದರೆ. ಬರೀ ಚಳಿಗಿಂತ ಚಳಿ ಜೊತೆಗೆ ನೀರು ನಿಂತರೆ ಗಿಡ ಬೇಗ ಹೋಗುತ್ತದೆ. ಸಂಜೆ ತುಂಬಿಸಿದ ನೀರು ರಾತ್ರಿಯೆಲ್ಲ ತಣ್ಣಗೆ ಸುಳಿಗೆ ಅಂಟಿಕೊಂಡಿರುತ್ತದೆ. ಈ ತಿಂಗಳು ಗುಸ್ಮೇನಿಯಾ ಕುಂಡವನ್ನು ಬಗ್ಗಿಸಿ ಬಟ್ಟಲಿನ ನೀರು ಚೆಲ್ಲಿಬಿಡಿ, ತಳದಲ್ಲಿ ಒಂಚೂರು ಉಳಿದರೆ ಸಾಕು. ನೀರು ಹಾಕುವುದಾದರೆ ಬಿಸಿಲು ಬಂದ ಮೇಲೆ ಹಾಕಿ. ಕುಂಡದ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಮೇಲ್ಭಾಗ ಒಣಗಿದರೆ ಮಾತ್ರ ಸ್ವಲ್ಪ. ಗೊಬ್ಬರ ಈಗ ಬೇಡವೇ ಬೇಡ. ನಮ್ಮ ಕಡೆಯ ಬೋರ್ ನೀರಿನಲ್ಲಿ ಉಪ್ಪು ಜಾಸ್ತಿ ಅಲ್ವಾ, ಅದಕ್ಕೂ ಎಲೆ ತುದಿ ಸುಡುತ್ತದೆ, ಮಳೆನೀರು ಹಿಡಿದಿಟ್ಟಿದ್ದರೆ ಅದೇ ಒಳ್ಳೆಯದು. ಆದರೆ ಉಪ್ಪಿಗೆ ಸುಟ್ಟರೆ ತುದಿ ಒಣಗಿ ಕಂದಾಗುತ್ತದೆ, ಎಲೆ ನಡುವೆ ನೀರು ಕುಡಿದ ಹಾಗೆ ಮಚ್ಚೆ ಬರುವುದಿಲ್ಲ. ಚಳಿಗೆ ಎಲೆಯ ಜೀವಕೋಶದ ಪೊರೆ ಹಾಳಾಗಿ ಒಳಗಿನ ರಸ ಸೋರುತ್ತದೆ, ಆ ಮಚ್ಚೆ ಅದೇ. ಚಳಿ ಬಿದ್ದ ರಾತ್ರಿಯೇ ಕಾಣುವುದಿಲ್ಲ, ಕೆಲವು ದಿನ ಬಿಟ್ಟು ಕಾಣುತ್ತದೆ. ಹಾಗಾಗಿ ನಿನ್ನೆ ಏನು ಮಾಡಿದೆ ಅಂತ ತಲೆ ಕೆಡಿಸಿಕೊಳ್ಳಬೇಡಿ.

ಮಚ್ಚೆ ಬಿದ್ದ ಎಲೆ ಮತ್ತೆ ಹಸಿರಾಗುವುದಿಲ್ಲ. ಕತ್ತರಿಸುವ ಅವಸರ ಬೇಡ, ಉಳಿದ ಹಸಿರು ಭಾಗ ಮರಿಗೆ ಬೇಕು.

ಪಾಲಿಹೌಸ್_ಹುಡುಗ (ಚಿಕ್ಕಬಳ್ಳಾಪುರ):
ನಾನು ಗುಲಾಬಿ ಬೆಳೆಯುವವನು, ಬ್ರೊಮೆಲಿಯಾಡ್ ಅಷ್ಟಾಗಿ ಗೊತ್ತಿಲ್ಲ, ಚಳಿ ಗೊತ್ತು. ಹಸಿರು ನೆಟ್ ಬಿಸಿಲಿಗೆ, ಚಳಿಗಲ್ಲ. ಮೋಡ, ಮಂಜು ಇರುವ ರಾತ್ರಿಗಿಂತ ಆಕಾಶ ತಿಳಿಯಾಗಿದ್ದು ಗಾಳಿ ಆಡದ ರಾತ್ರಿಯೇ ಕೆಟ್ಟದ್ದು. ನೆಲದ ಕಾವೆಲ್ಲ ಮೇಲಕ್ಕೆ ಹೋಗಿಬಿಡುತ್ತದೆ, ಬಯಲಿಗೆ ಬಿದ್ದ ಎಲೆ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಮೊಬೈಲಿನಲ್ಲಿ 11 ಅಂತ ತೋರಿಸಿದರೂ ನಿಮ್ಮ ಎಲೆ ಮೇಲೆ ಅದಕ್ಕಿಂತ ಕಡಿಮೆ ಇರಬಹುದು. ಎಲ್ಲವನ್ನೂ ಮನೆಯೊಳಗೆ ತರುವ ಅಗತ್ಯ ಇಲ್ಲ. ಸಜ್ಜಾ ಕೆಳಗೆ, ಹಗಲು ಬಿಸಿಲಿಗೆ ಕಾಯುವ ಗೋಡೆಗೆ ಒತ್ತಿ ಇಡಿ, ಗೋಡೆ ರಾತ್ರಿ ಆ ಕಾವು ಬಿಡುತ್ತದೆ. ಪ್ಲಾಸ್ಟಿಕ್ ಹೊದಿಸುವುದಾದರೆ ಎಲೆಗೆ ತಾಗಬಾರದು, ಬೆಳಿಗ್ಗೆ ತೆಗೆಯಲೇಬೇಕು. ಹಳೇ ಸೀರೆ ಅದಕ್ಕಿಂತ ವಾಸಿ.

ಮಾವಿನೂರು (ಕೋಲಾರ):
ಸರಿ, ಸುಳಿ ಬಿಗಿಯಾಗಿದ್ದರೆ ನಾನೂ ಚಳಿ ಅಂತಲೇ ಹೇಳುತ್ತೇನೆ. ಗುಸ್ಮೇನಿಯಾ ಒಂದನ್ನು ಒಳಗೆ ತನ್ನಿ, ಬೆಳಕು ಬರುವ ಕಿಟಕಿ ಹತ್ತಿರ. ಒಂದು ಕುಂಡಕ್ಕೆ ಅತ್ತೆಯವರು ಒಪ್ಪುತ್ತಾರೆ ಬಿಡಿ. ಉಳಿದವು ಸಜ್ಜಾ ಕೆಳಗೆ. ಹೊರಗಿರುವ ಬಟ್ಟಲುಗಳನ್ನು ವಾರಕ್ಕೊಮ್ಮೆ ಚೆಲ್ಲಿ ಬೇರೆ ನೀರು ಹಾಕಿ, ಇಲ್ಲದಿದ್ದರೆ ಡೆಂಗಿ ಸೊಳ್ಳೆ ಸಾಕಿದಂತಾಗುತ್ತದೆ.

ಟೆರೇಸ್_ಚಿಕ್ಕಬಳ್ಳಾಪುರ:
ತುಂಬಾ ಉಪಕಾರ ಆಯ್ತು. ಗುಸ್ಮೇನಿಯಾ ಈಗ ಹಾಲ್‌ನಲ್ಲಿ ಟಿವಿ ಪಕ್ಕ ಇದೆ. ಮತ್ತೆ ಹೊರಗೆ ಯಾವಾಗ ಇಡಲಿ, ಸಂಕ್ರಾಂತಿ ಕಳೆದ ಮೇಲೆ ಸಾಕಾ?

ಕಲ್ಪತರು_ತೋಟ (ತುಮಕೂರು):
ಸಂಕ್ರಾಂತಿ ಬೇಗ ಆಯ್ತು. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತದಲ್ಲ, ಆಮೇಲೆ ಇಡಿ. ಆದರೆ ಒಮ್ಮೆಲೇ ಬಿಸಿಲಿಗೆ ಬೇಡ, ಅಷ್ಟು ಹೊತ್ತಿಗೆ ನಮ್ಮ ಬಿಸಿಲೂ ಸುಡುತ್ತಿರುತ್ತದೆ. ಮರಿ ಬಂದರೆ ತಾಯಿಯ ಮೂರನೇ ಒಂದು ಭಾಗದಷ್ಟು ಎತ್ತರ ಆಗುವವರೆಗೆ ಕೀಳಬೇಡಿ.

ಮಾವಿನೂರು (ಕೋಲಾರ):
ಮೇಡಂ, ಆ ಬಿಲ್‌ಬರ್ಜಿಯಾ ಮರಿ ಹೆಚ್ಚಿದ್ದರೆ ನನಗೊಂದು ಇಡಿ. ಬದಲಿಗೆ ನಮ್ಮ ನಿಯೋರೆಜೀಲಿಯಾ ಕೊಡುತ್ತೇನೆ, ಅದರ ಎಲೆಯಲ್ಲಿ ಬಿಳಿ ಪಟ್ಟೆ ಇದೆ.