ಹುಬ್ಬಳ್ಳಿ ಮನೆಯಲ್ಲಿ ಸಮುದ್ರದ ಮೀನು: ಎಷ್ಟು ದೊಡ್ಡ ಟ್ಯಾಂಕ್ ಮಾಡಿಸಲಿ?

ಕೇಶ್ವಾಪುರದ ಅಪ್ಪ (ಹುಬ್ಬಳ್ಳಿ):

ಎಲ್ಲರಿಗೂ ನಮಸ್ಕಾರ. ನಾಲ್ಕು ವರ್ಷದಿಂದ ಮನೆಯಲ್ಲಿ ಗಪ್ಪಿ, ಗೋಲ್ಡ್‌ಫಿಶ್ ಸಾಕುತ್ತಿದ್ದೇನೆ. ಈಗ ಉಪ್ಪುನೀರಿನ ಮೀನು ಸಾಕುವ ಆಸೆ. ಮಗಳಿಗೆ ಕಿತ್ತಳೆ ಮೈಗೆ ಬಿಳಿ ಪಟ್ಟಿ ಇರುವ ಕ್ಲೌನ್ ಫಿಶ್ ಜೋಡಿ ಬೇಕು, ಜೊತೆಗೆ ಹಳದಿ ಬಾಲದ ಬ್ಲೂ ಟ್ಯಾಂಗ್ ಬೇಕೇ ಬೇಕು. ಅಂಗಡಿಯವರೊಬ್ಬರು 'ಎರಡು ಅಡಿ ಟ್ಯಾಂಕ್ ಸಾಕು, ಮೂರೂ ಆರಾಮಾಗಿ ಇರುತ್ತವೆ' ಎಂದರು. ಅವರಲ್ಲಿದ್ದ ಟ್ಯಾಂಗ್ ಎರಡೇ ಇಂಚು ಇತ್ತು. ನೋಡಿ ಸರಿ ಎಂದೇ ಅನಿಸಿತು. ಮನೆಗೆ ಬಂದ ಮೇಲೆ ಸಂಶಯ ಶುರುವಾಯಿತು.

ನಮ್ಮದು ಮೊದಲ ಮಹಡಿ. ಹಾಲ್‌ನಲ್ಲಿ ಗೋಡೆ ಪಕ್ಕ ಮೂರೂವರೆ ಅಡಿ ಜಾಗ ಇದೆ. ಎಸಿ ಇಲ್ಲ. ನಳದ ನೀರು ದಿನಾ ಬರುವುದಿಲ್ಲ. ಜೀವ ತಂದು ಕೊಲ್ಲುವ ಕೆಲಸ ನನಗೆ ಬೇಡ. ಅಳತೆ ಹೇಳಿ.

ಬೆಟಗೇರಿ ಅಕ್ಕ (ಗದಗ):

ಅಣ್ಣಾರೇ, ಗಾಜು ಕೊಯ್ಯಿಸುವ ಮೊದಲೇ ಕೇಳಿದಿರಿ, ಒಳ್ಳೆಯದಾಯಿತು. ನಾನು ಕೇಳಿರಲಿಲ್ಲ.

ನನ್ನ ಮೊದಲ ಟ್ಯಾಂಕ್ 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರ. ಲೆಕ್ಕಕ್ಕೆ 56 ಲೀಟರ್. ಕಲ್ಲು, ಮರಳು ಹಾಕಿದ ಮೇಲೆ ನೀರು ಉಳಿದಿದ್ದು 45 ಲೀಟರ್. ಏಪ್ರಿಲ್‌ನಲ್ಲಿ ರೋಣದಲ್ಲಿ ಮದುವೆ ಇತ್ತು, ನಾಲ್ಕು ದಿನ ಉಳಿದೆವು. ನೀರು ತಂಪಾಗಿರಲಿ ಎಂದು ಟ್ಯಾಂಕಿನ ಮೇಲೆ ಸಣ್ಣ ಫ್ಯಾನ್ ಹಚ್ಚಿ ಹೋಗಿದ್ದೆ. ವಾಪಸ್ ಬಂದು ನೋಡಿದರೆ ನೀರು ಎರಡು ಬೆರಳು ಇಳಿದಿತ್ತು. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಹೋಗುವಾಗ 1.025 ಇದ್ದ ಉಪ್ಪಿನಂಶ (ಸಿಹಿನೀರನ್ನು 1 ಎಂದು ಹಿಡಿದು ಅಳೆಯುವ ಸಾಂದ್ರತೆ) 1.030 ದಾಟಿತ್ತು. ನಡುವೆ ಕರೆಂಟ್ ಬೇರೆ ಹೋಗಿತ್ತಂತೆ. ಒಂದು ಕ್ಲೌನ್ ಸತ್ತು ಕಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಇನ್ನೊಂದು ಪೈಪಿನ ಬಾಯಿಗೆ ಬಂದು ಏದುಸಿರು ಬಿಡುತ್ತಿತ್ತು, ರಾತ್ರಿ ದಾಟಲಿಲ್ಲ. ಅದನ್ನು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ.

ಅದಕ್ಕೇ ಹೇಳುವುದು, ಸಮುದ್ರದ ಮೀನಿಗೆ ನೀರು ಜಾಸ್ತಿ ಬೇಕು. ಸಮುದ್ರದಲ್ಲಿ ಉಪ್ಪು, ಬಿಸಿ ದಿನದಿಂದ ದಿನಕ್ಕೆ ಹೆಚ್ಚು ಬದಲಾಗುವುದಿಲ್ಲ. ಆ ಮೀನುಗಳ ಮೈ ಅದಕ್ಕೇ ಒಗ್ಗಿದೆ. ಸಣ್ಣ ಟ್ಯಾಂಕ್ ಮಧ್ಯಾಹ್ನಕ್ಕೆ ಕಾಯುತ್ತದೆ, ಬೆಳಗಿನ ಜಾವಕ್ಕೆ ತಣ್ಣಗಾಗುತ್ತದೆ. ಒಂದು ಬಸವನಹುಳು ಸತ್ತು ಕೊಳೆತರೂ ಅಮೋನಿಯ ಎಂಬ ವಿಷ ಏರಿಬಿಡುತ್ತದೆ. ದೊಡ್ಡ ಟ್ಯಾಂಕಿನಲ್ಲೂ ನೀರು ಆವಿಯಾಗುತ್ತದೆ, ಮೇಲ್ಮೈ ದೊಡ್ಡದಿರುವುದರಿಂದ ಇನ್ನೂ ಜಾಸ್ತಿಯೇ. ಆದರೆ ಆಳ ಹೆಚ್ಚಿದ್ದರೆ ಅದೇ ಎರಡು ಬೆರಳು ನೀರು ಇಳಿದಾಗ ಉಪ್ಪು ಅಷ್ಟು ಏರುವುದಿಲ್ಲ. ಏನಾದರೂ ತಪ್ಪಾದರೂ ನಿಮಗೆ ಸರಿಮಾಡಲು ಹೊತ್ತು ಸಿಗುತ್ತದೆ.

ನಿಮ್ಮ ಜಾಗಕ್ಕೆ 3 ಅಡಿ ಉದ್ದ, 1.5 ಅಡಿ ಅಗಲ, 1.5 ಅಡಿ ಎತ್ತರ ಸರಿ. ಸುಮಾರು 190 ಲೀಟರ್. ಈಗ ನನ್ನದೂ ಅದೇ ಅಳತೆ. ನೋಡಲು ಚೆಂದ ಎಂದು ಎತ್ತರದ್ದು, ಆರು ಮೂಲೆಯದ್ದು ಮಾಡಿಸಬೇಡಿ. ನೀರಿಗೆ ಗಾಳಿ ಸೇರುವುದು ಮೇಲ್ಮೈಯಿಂದ. ಮೀನು ಈಜುವುದೂ ಉದ್ದಕ್ಕೆ.

ಭಾರದ ಲೆಕ್ಕ ಹಾಕಿದ್ದೀರಾ? ನೀರೇ 190 ಕಿಲೋ. ಗಾಜು, ಕಲ್ಲು, ಮರಳು, ಸ್ಟ್ಯಾಂಡ್ ಸೇರಿದರೆ 270 ಕಿಲೋ ದಾಟುತ್ತದೆ. ಸ್ಲ್ಯಾಬಿನ ನಡುವೆ ಇಡಬೇಡಿ. ಕೆಳಗೆ ಬೀಮ್ ಇರುವ ಗೋಡೆಗೆ ಒತ್ತಿ ಇಡಿ. ಮನೆ ಕಟ್ಟಿದ ಎಂಜಿನಿಯರ್ ಅಥವಾ ಮೇಸ್ತ್ರಿಗೆ ಒಮ್ಮೆ ತೋರಿಸಿ. ಟ್ಯಾಂಕಿನ ಅಡಿಗೆ ಥರ್ಮಾಕೋಲ್ ಹಾಸಿ.

ಕರೆಂಟಿನ ವಿಷಯವೂ ಇದೆ. ನಮ್ಮ ಓಣಿಯಲ್ಲಿ ಮಗ್ಗಗಳ ಸದ್ದು ನಿಂತ ಕೂಡಲೇ ನಾನು ಎದ್ದು ಬ್ಯಾಟರಿ ಪಂಪ್ ಹಚ್ಚುತ್ತೇನೆ. ನಿಮ್ಮಲ್ಲಿ ಇನ್ವರ್ಟರ್ ಇದ್ದರೆ ನೀರು ಆಡಿಸುವ ಮೋಟರ್‌ನ ಪ್ಲಗ್ ಅದಕ್ಕೆ ಕೊಡಿ. ಲೈಟ್ ಆರಿದರೆ ಏನೂ ಆಗುವುದಿಲ್ಲ.

ಹಾವೇರಿ ಹವ್ಯಾಸಿ:

ಅಕ್ಕಾರ ಮಾತು ಸರಿ. ಆದರೆ ಖರ್ಚು ಭಾರವಾದರೆ 2 ಅಡಿ ಉದ್ದ, 1.5 ಅಡಿ ಅಗಲ, 1.5 ಅಡಿ ಎತ್ತರವೂ ನಡೆಯುತ್ತದೆ. 127 ಲೀಟರ್ ಆಗುತ್ತದೆ. ಕ್ಲೌನ್ ಜೋಡಿಗೆ ಧಾರಾಳ. ನನ್ನ ಜೋಡಿ ಹೀಗೇ ಐದು ವರ್ಷದಿಂದ ಇದೆ. ಕೆಳಗೊಂದು ಸಂಪ್ (ಪೈಪಿನಿಂದ ಮೇಲಿನ ಟ್ಯಾಂಕಿಗೆ ಸೇರಿದ ಇನ್ನೊಂದು ಸಣ್ಣ ಟ್ಯಾಂಕ್) ಇಟ್ಟರೆ ಇನ್ನೂ 40 ಲೀಟರ್ ಸೇರುತ್ತದೆ. ಸಂಪ್ ಇಟ್ಟರೆ ಒಂದು ನೆನಪಿಡಿ: ಕರೆಂಟ್ ಹೋದಾಗ ಮೇಲಿನ ಸ್ವಲ್ಪ ನೀರು ಕೆಳಗಿಳಿಯುತ್ತದೆ. ಅದಕ್ಕೆ ಜಾಗ ಬಿಡದಿದ್ದರೆ ಹಾಲ್ ತುಂಬಾ ಉಪ್ಪುನೀರು.

ಬ್ಲೂ ಟ್ಯಾಂಗ್ ಮಾತ್ರ ಬೇಡವೇ ಬೇಡ. ಈಗ ಎರಡು ಇಂಚು ಇರುವುದು ಬೆಳೆದರೆ ಒಂದು ಅಡಿಯವರೆಗೆ ಹೋಗುತ್ತದೆ. ದಿನವಿಡೀ ಈಜುವ ಮೀನು ಅದು. 6 ಅಡಿ ಟ್ಯಾಂಕ್ ಇಲ್ಲದೆ ತರುವುದು ಅನ್ಯಾಯ. 'ಬೆಳೆದ ಮೇಲೆ ನೋಡೋಣ' ಎಂದವರ ಮನೆಯಲ್ಲಿ ಆ ಮೀನು ಬೆಳೆದಿದ್ದನ್ನು ನಾನು ಕಂಡಿಲ್ಲ.

ಧಾರವಾಡ ಹೊಸಬ:

ನನ್ನದೂ ಒಂದು ಪ್ರಶ್ನೆ. ಅಷ್ಟು ನೀರಿಗೆ ಉಪ್ಪು ಕೊಳ್ಳುವ ಬದಲು ಕಾರವಾರದಿಂದ ಸಮುದ್ರದ ನೀರನ್ನೇ ಕ್ಯಾನಿನಲ್ಲಿ ತರಬಹುದಲ್ವಾ?

ಬೆಟಗೇರಿ ಅಕ್ಕ (ಗದಗ):

ಒಮ್ಮೆ ತರಬಹುದು ತಮ್ಮಾ. ಪ್ರತಿ ಹದಿನೈದು ದಿನಕ್ಕೆ ಅರಬೈಲ್ ಘಟ್ಟ ಇಳಿದು ಹತ್ತಲು ಆಗುತ್ತದಾ? ದಂಡೆಯ ನೀರಿನಲ್ಲಿ ಕೊಳೆ ಇರುತ್ತದೆ. ಕಾರವಾರದಲ್ಲಿ ಕಾಳಿ ನದಿ ಬಂದು ಸೇರುವುದರಿಂದ ಮಳೆಗಾಲದಲ್ಲಿ ಉಪ್ಪೂ ಕಡಿಮೆ. ಮೀನಿಗೆಂದೇ ಸಿಗುವ ಸಮುದ್ರದ ಉಪ್ಪು ತನ್ನಿ. ಅಡುಗೆ ಉಪ್ಪು ಆಗುವುದಿಲ್ಲ. ಲೀಟರಿಗೆ ಸುಮಾರು 35 ಗ್ರಾಂ ಬೇಕು. ಬೆರೆಸಿದ ಮೇಲೆ ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್ ಇಟ್ಟು ನೋಡಲೇಬೇಕು.

ಕೇಶ್ವಾಪುರದ ಅಣ್ಣಾರೇ, ನೀರಿನ ಲೆಕ್ಕ ನಿಮಗೂ ಹೇಳಿಬಿಡುತ್ತೇನೆ. ಮೂರಡಿ ಟ್ಯಾಂಕಿಗೆ ಹದಿನೈದು ದಿನಕ್ಕೊಮ್ಮೆ ಎರಡು ಮೂರು ಕೊಡ ನೀರು ಬದಲಿಸಬೇಕು. ನಳದ್ದಾಗಲಿ ಬೋರಿನದಾಗಲಿ ನೇರ ಬೇಡ, ಆರ್‌ಓ ನೀರೇ ಬೇಕು. ದಿನಾ ಆವಿಯಾದಷ್ಟನ್ನು ತುಂಬುವಾಗ ಉಪ್ಪಿಲ್ಲದ ಆರ್‌ಓ ನೀರು ಹಾಕಿ. ಹೊಸಬರು ಎಡವುವುದು ಇಲ್ಲೇ, ಉಪ್ಪುನೀರು ಹಾಕಿಬಿಡುತ್ತಾರೆ. ಗಾಜಿನ ಮೇಲೆ ಪೆನ್ನಿನಿಂದ ಒಂದು ಗೆರೆ ಎಳೆದಿಡಿ. ನೀರು ದಿನಾ ಆ ಗೆರೆಗೆ ಬರಲಿ. ಊರಿಗೆ ಹೋಗುವಾಗ ಪಕ್ಕದ ಮನೆಯವರಿಗೆ ಗೆರೆ ತೋರಿಸಿ ಹೋಗಿ. ನಾನು ಈಗ ಹಾಗೇ ಮಾಡುತ್ತೇನೆ.

ಕೇಶ್ವಾಪುರದ ಅಪ್ಪ (ಹುಬ್ಬಳ್ಳಿ):

ಅಕ್ಕಾರೇ, ಹಾವೇರಿ ಅಣ್ಣಾರೇ, ತುಂಬಾ ಉಪಕಾರವಾಯಿತು. ಮೂರಡಿಯದೇ ಮಾಡಿಸುತ್ತೇನೆ. ಬೀಮ್ ಇರುವ ಗೋಡೆ ಅಡುಗೆಮನೆ ಪಕ್ಕದ್ದು, ಸೋಫಾ ಸರಿಸಬೇಕು ಅಷ್ಟೇ. ಮಗಳನ್ನು ಕೂರಿಸಿ ಒಂದು ಅಡಿಯ ಸ್ಕೇಲ್ ತೋರಿಸಿದೆ, ಬ್ಲೂ ಟ್ಯಾಂಗ್ ಇಷ್ಟು ದೊಡ್ಡದಾಗುತ್ತದೆ ಎಂದೆ. ಅವಳು ಸ್ಕೇಲನ್ನು ಗೋಡೆಗೆ ಹಿಡಿದು ಮೂರು ಸಲ ಅಳೆದಳು. 'ಹಾಗಾದರೆ ಅದಕ್ಕೆ ತಿರುಗಲೂ ಆಗಲ್ಲ, ಬೇಡಪ್ಪ' ಎಂದಳು. ಕ್ಲೌನ್ ಗಂಡು ಹೆಣ್ಣು ನೋಡಿ ತರುವುದು ಹೇಗೆ?

ಹಾವೇರಿ ಹವ್ಯಾಸಿ:

ನೋಡುವುದೇ ಬೇಡ. ಮರಿಯಲ್ಲಿ ಹೆಣ್ಣು ಇರುವುದೇ ಇಲ್ಲ. ಒಂದು ಸಣ್ಣದು, ಒಂದು ಸ್ವಲ್ಪ ದೊಡ್ಡದು ತನ್ನಿ. ದೊಡ್ಡದು ಮುಂದೆ ಹೆಣ್ಣಾಗುತ್ತದೆ. ಹ್ಯಾಚರಿಯಲ್ಲಿ ಮರಿ ಮಾಡಿದ್ದೇ ಕೇಳಿ ತನ್ನಿ, ಸಮುದ್ರದಿಂದ ಹಿಡಿದದ್ದಕ್ಕಿಂತ ಚೆನ್ನಾಗಿ ತಿಂದು ಬದುಕುತ್ತವೆ. ಟ್ಯಾಂಕ್ ತುಂಬಿಸಿ ಒಂದೂವರೆ ತಿಂಗಳು ಮೀನಿಲ್ಲದೆ ಓಡಿಸಿ. ಅಮೋನಿಯ, ನೈಟ್ರೈಟ್ ಎಂಬ ಎರಡೂ ವಿಷ ಸೊನ್ನೆಗೆ ಬಂದು ನಿಂತ ಮೇಲೆಯೇ ಮೀನು.