ಮಾನಸಗಂಗೋತ್ರಿ: ಕಟ್ಟಡಕ್ಕೆ ಹಣವಿದೆ, ಪಿಂಚಣಿಗೇಕಿಲ್ಲ?

ಪ್ರಶ್ನೆ: 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯವು ನಿವೃತ್ತರ ಪಿಂಚಣಿಗೆ ಹಣ ಹೊಂದಿಸಲು ಪರದಾಡುತ್ತಿರುವಾಗ, ಕಟ್ಟಡಗಳಿಗೆ ಬರುವ ಅನುದಾನವನ್ನೇ ಅದಕ್ಕೆ ಬಳಸಬಾರದೇ? ಬಲ್ಲವರು ತಿಳಿಸಿ.

ಉತ್ತರ 1: ಬಳಸಲಾಗದು ಸರ್. ರೂಸಾದಂತಹ (ಉನ್ನತ ಶಿಕ್ಷಣ ಸಂಸ್ಥೆಗಳಿಗೆ ನೆರವು ನೀಡುವ ರಾಷ್ಟ್ರೀಯ ಉಚ್ಚತರ ಶಿಕ್ಷಾ ಅಭಿಯಾನ, 2023ರಿಂದ ಪಿಎಂ-ಉಷಾ) ಯೋಜನೆಯಲ್ಲಿ ಕೇಂದ್ರ ಶೇ. 60, ರಾಜ್ಯ ಶೇ. 40ರಷ್ಟು ಭರಿಸುತ್ತವೆ, ಆ ಹಣ ಮಂಜೂರಾದ ಉದ್ದೇಶಕ್ಕೇ ಖರ್ಚಾಗಿ, ಬಳಕೆ ಪ್ರಮಾಣಪತ್ರ ಸಲ್ಲಿಕೆಯಾಗಬೇಕು. ಇತ್ತ ಹಾಸನ, ಮಂಡ್ಯ, ಚಾಮರಾಜನಗರಗಳಿಗೆ ಪ್ರತ್ಯೇಕ ವಿಶ್ವವಿದ್ಯಾನಿಲಯಗಳಾದ ಮೇಲೆ ಅಲ್ಲಿನ ಕಾಲೇಜುಗಳ ಸಂಯೋಜನಾ ಶುಲ್ಕ (ವಿಶ್ವವಿದ್ಯಾನಿಲಯದ ಅಧೀನಕ್ಕೆ ಸೇರಲು ಕಾಲೇಜುಗಳು ಕಟ್ಟುವ ಹಣ), ಪರೀಕ್ಷಾ ಶುಲ್ಕಗಳು ಕೈತಪ್ಪಿದವು. ಹಳೆಯ ಪಿಂಚಣಿದಾರರ ಹೊರೆ ಮಾತ್ರ ಮೈಸೂರಿನಲ್ಲೇ ಉಳಿಯಿತು.

ಉತ್ತರ 2: ಕಟ್ಟುವ ಉತ್ಸಾಹ ನಿರ್ವಹಣೆಗಿಲ್ಲ ಎಂಬುದೂ ನಿಜವೇ. ನಾನು ಓದಿದ ವಿಶ್ವವಿದ್ಯಾನಿಲಯದಲ್ಲಿ (ಹೆಸರು ಬೇಡ) ಹೊಸ ಸಭಾಂಗಣದ ಪಕ್ಕದಲ್ಲೇ ಗ್ರಂಥಾಲಯ ಸೋರುತ್ತಿತ್ತು. ಮಳೆಗಾಲದಲ್ಲಿ ನಿಯತಕಾಲಿಕೆಗಳ ಕಪಾಟಿನ ಮೇಲೆ ಬಕೆಟ್ ಇಟ್ಟಿರುತ್ತಿದ್ದರು.

ಪ್ರಶ್ನಿಸಿದವರು: ಧನ್ಯವಾದ. ಹಾಗಾದರೆ ಪಿಂಚಣಿಯ ಹೊಣೆಯನ್ನು ಸರ್ಕಾರವೇ ಪೂರ್ತಿಯಾಗಿ ವಹಿಸಿಕೊಳ್ಳಬೇಕೆಂಬ ಬೇಡಿಕೆ ನ್ಯಾಯವಾದದ್ದೇ.