ಅಜ್ಜನ 1968ರ ಫಿಯೆಟ್ ಡಿಲೈಟ್ ಮೂಲ ಸ್ಥಿತಿಗೆ ಬರಬೇಕು: ಮಾಡಿಸಿದವರು ಅನುಭವ ಹೇಳಿ

ತೀರ್ಥಹಳ್ಳಿಯಿಂದ:
ಅಜ್ಜನ ಫಿಯೆಟ್ 1100 ಡಿಲೈಟ್ ಅಡಿಕೆ ಕೊಟ್ಟಿಗೆಯಲ್ಲಿ ವರ್ಷಗಳಿಂದ ನಿಂತಿದೆ. ಎಂಜಿನ್ ಜಾಮ್ ಆಗಿದೆ, ಡ್ರೈವರ್ ಕಾಲಿಡುವ ಕಡೆ ತಗಡು ಕೈ ತೂರುವಷ್ಟು ತುಕ್ಕು ತಿಂದಿದೆ. ಹಳೆಯ ಮೈಸೂರು ರಾಜ್ಯದ ಎಂವೈ ಸರಣಿಯ ನಂಬರ್, ಆರ್‌ಸಿ ಅಜ್ಜನ ಹೆಸರಿನಲ್ಲೇ ಇದೆ. ಕಂಪನಿಯಿಂದ ಬಂದಾಗ ಹೇಗಿತ್ತೋ ಹಾಗೆಯೇ ನೋಡಬೇಕೆಂಬುದು ಅಮ್ಮನ ಆಸೆ. ಕೈಯಲ್ಲಿ ಮೂರು ಲಕ್ಷವಿದೆ. ಶಿವಮೊಗ್ಗದಲ್ಲೇ ಮಾಡಿಸಲೇ, ಬೆಂಗಳೂರಿಗೆ ಸಾಗಿಸಲೇ? ಮೊದಲು ಎಂಜಿನ್ನೋ, ಬಾಡಿಯೋ?

ಮೈಸೂರಿನಿಂದ, 1966ರ ಡಿಲೈಟ್:
ಮೂರು ಲಕ್ಷ ಬಾಡಿ ಕೆಲಸಕ್ಕೇ ಮುಗಿಯುತ್ತದೆ. ನನ್ನ ಲೆಕ್ಕದ ಪುಸ್ತಕ ನೋಡಿಕೊಂಡೇ ಬರೆಯುತ್ತಿದ್ದೇನೆ. ಟಿಂಕರಿಂಗ್, ಅಂದರೆ ತಗಡಿನ ಕೆಲಸ, 1,35,000. ಪೇಂಟ್ 90,000. ಸೀಟಿನ ರೆಕ್ಸಿನ್, ಒಳಗಿನ ಮೇಲ್ಛಾವಣಿ ಬಟ್ಟೆ ಸೇರಿ 38,000. ಬಂಪರ್, ಗ್ರಿಲ್, ಹಬ್‌ಕ್ಯಾಪ್, ಬಾಗಿಲ ಹಿಡಿಗಳ ಕ್ರೋಮ್ ಪ್ಲೇಟಿಂಗ್ 46,000. ಇದು ಎರಡನೇ ಸಲದ್ದು. ಮೊದಲು ಮಾಡಿದವರು ಕೆಳಗೆ ತಾಮ್ರದ ಲೇಪವನ್ನೇ ಕೊಡದೆ ನೇರವಾಗಿ ನಿಕ್ಕಲ್, ಅದರ ಮೇಲೆ ಕ್ರೋಮ್ ಎಳೆದಿದ್ದರು. ಒಂದೇ ಮಳೆಗಾಲಕ್ಕೆ ಬಂಪರ್ ತುಂಬ ಕಂದು ಚುಕ್ಕೆ. ಅವರಿಗೆ ಸುರಿದ 22,000 ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಎಂಜಿನ್ ಕಥೆ ಬೇರೆ. ಇದರ ಮೂಲ ಬೋರ್, ಅಂದರೆ ಸಿಲಿಂಡರಿನ ಒಳ ಅಗಲ, 68 ಮಿಲಿಮೀಟರ್. ನನ್ನ ಬ್ಲಾಕನ್ನು ಹಿಂದಿನ ಮಾಲೀಕರು ರೀಬೋರ್ ಮಾಡಿಸಿ ಮಾಡಿಸಿ, ಅಂದರೆ ಕೊರೆಸಿ ಅಗಲ ಮಾಡಿಸಿ, ಕೊನೆಯ ಅಳತೆಗೆ ತಂದಿದ್ದರು. ಗುಜರಿಯಲ್ಲಿ ಬೇರೆ ಬ್ಲಾಕ್ 12,000ಕ್ಕೆ ಸಿಗುತ್ತಿತ್ತು. ನಾನು ಒಪ್ಪಲಿಲ್ಲ. ಸಿಲಿಂಡರಿನೊಳಗೆ ಸ್ಲೀವ್ ಎಂಬ ಹೊಸ ಕೊಳವೆ ಹಾಕಿಸಿ ಮತ್ತೆ ಸ್ಟ್ಯಾಂಡರ್ಡ್ ಅಳತೆಗೆ ತಂದೆ. ಲೇತಿನ ಕೆಲಸ, ಪಿಸ್ಟನ್, ರಿಂಗ್ ಸೇರಿ 31,000. ಎಂಜಿನ್ ನಂಬರ್ ಕೆತ್ತಿರುವುದು ಬ್ಲಾಕ್ ಮೇಲೆ. ಅದೇ ಹೋದ ಮೇಲೆ ಇನ್ನೆಲ್ಲಿಯ ಮೂಲ? ಬ್ಯಾಟರಿ ಚಾರ್ಜ್ ಮಾಡುವ ಡೈನಮೋ ಕೂಡ ಹಳೆಯದೇ. ಅದರ ಬದಲು ಈಗಿನ ಕಾಲದ ಆಲ್ಟರ್ನೇಟರ್ ಹಾಕಿಸಿದ ಕಾರನ್ನು ನಾನು ಮೂಲ ಕಾರು ಎಂದು ಒಪ್ಪುವುದಿಲ್ಲ.

ಬೆಂಗಳೂರಿನಿಂದ, 1974ರ ಪ್ರೀಮಿಯರ್ ಪದ್ಮಿನಿ ಕಾರು:
ಒಪ್ಪಬೇಡಿ ಸ್ವಾಮಿ, ನಿಮ್ಮ ಸರ್ಟಿಫಿಕೇಟ್ ಯಾರಿಗೂ ಬೇಕಾಗಿಲ್ಲ. ನಾನು ಆಲ್ಟರ್ನೇಟರ್ ಹಾಕಿಸಿದ್ದು ಶಿರಾಡಿ ಘಾಟಿಯಲ್ಲಿ ಸಿಕ್ಕಿಬಿದ್ದ ಮೇಲೆ. ಜಡಿಮಳೆ, ರಾತ್ರಿ, ಮುಂದೆ ಲಾರಿಗಳ ಸಾಲು. ಎಂಜಿನ್ ನಿಧಾನವಾದಾಗಲೆಲ್ಲ ಡೈನಮೋ ಕೈಕೊಟ್ಟು ಹೆಡ್‌ಲೈಟ್ ಚಿಮಣಿ ದೀಪದಂತೆ ಸಣ್ಣಗಾಗುತ್ತಿತ್ತು. ಹಿಂದಿನ ಸೀಟಿನಲ್ಲಿ ಹೆಂಡತಿ, ಮಗು. ಆ ರಾತ್ರಿ ನನ್ನ ಜಾಗದಲ್ಲಿ ಕುಳಿತಿದ್ದರೆ ಮೂಲದ ಮಾತು ನಿಮ್ಮ ಬಾಯಿಂದ ಬರುತ್ತಿರಲಿಲ್ಲ.

ಹಣ ಹೋಗಿದ್ದು ರಬ್ಬರಿನಲ್ಲಿ. ಜೆ.ಸಿ. ರಸ್ತೆಯಲ್ಲಿ ಗಾಜಿನ ಬೀಡಿಂಗ್ ಸೆಟ್ 4,200ಕ್ಕೆ ತಂದೆ. ಬೇಸಿಗೆ ಮುಗಿಯುವುದರೊಳಗೆ ಕುಗ್ಗಿ ಮೂಲೆಗಳಲ್ಲಿ ಬಾಯಿಬಿಟ್ಟಿತು. ಮುಂಬೈಯಿಂದ 9,800ಕ್ಕೆ ಇನ್ನೊಂದು ಸೆಟ್ ತರಿಸಿದೆ. ಅಷ್ಟರಲ್ಲಿ ನೀರು ಇಳಿದು ಹೊಸ ಕಾರ್ಪೆಟ್, ಅದರ ಕೆಳಗಿನ ತಗಡು ಎರಡೂ ಹಾಳು. ಪೇಂಟ್ ಪಿಯು (ಪಾಲಿಯುರೆಥೇನ್) ಹಾಕಿಸಿದೆ, 1,10,000. ಇವತ್ತಿಗೂ ಮುಖ ಕಾಣುವಷ್ಟು ಹೊಳೆಯುತ್ತದೆ.

ಮೈಸೂರಿನಿಂದ:
ಆ ಹೊಳಪೇ ಸುಳ್ಳು. ಆ ಕಾಲದಲ್ಲಿ ಪಿಯು ಎಲ್ಲಿತ್ತು? ಹಳೆಯ ಬಣ್ಣಕ್ಕೆ ಮೇಣ ಹಾಕಿ ಉಜ್ಜಿದಾಗ ಬರುವ ತಣ್ಣನೆಯ ಮೆರುಗೇ ಬೇರೆ.

ಮಂಗಳೂರಿನಿಂದ, 1970ರ ಅಂಬಾಸಿಡರ್ ಮಾರ್ಕ್ 2:
ನೀವು ಮೇಣ ಉಜ್ಜುತ್ತಾ ಕೂರಿ. ಕಡಲ ಗಾಳಿಯ ಊರಿನಲ್ಲಿ ಅದು ಎರಡು ಮಳೆಗಾಲ ತಡೆಯುವುದಿಲ್ಲ. ನನ್ನ ಕಾರಿನ ನೆಲವನ್ನು ಪೂರ್ತಿ ಕತ್ತರಿಸಿ ಹೊಸ ತಗಡು ಕೂರಿಸಬೇಕಾಯಿತು. ಮೊದಲ ಗ್ಯಾರೇಜಿನವರು ತೂತಿಗೆ ತಗಡಿನ ತೇಪೆ ಅಂಟಿಸಿ, ಮೇಲೆ ಬೆರಳು ದಪ್ಪ ಪುಟ್ಟಿ ಬಳಿದು, ಟಾರ್ ಹೊಡೆದು 60,000 ತೆಗೆದುಕೊಂಡರು. ಜ್ಯಾಕ್ ಕೊಟ್ಟ ದಿನ ಜ್ಯಾಕೇ ಒಳಗೆ ನುಗ್ಗಿತು. ಎರಡನೆಯವರು ಎಲ್ಲ ಕಿತ್ತು, ಸಿಒ2 ಅನಿಲದ ವೆಲ್ಡಿಂಗಿನಲ್ಲಿ ಮಾಡಿಕೊಟ್ಟರು, 1,70,000. ಕಲ್ಲಿನಂತೆ ನಿಂತಿದೆ. ಹಳೆಯ ಕಾರು ಬೇಕೆನ್ನುವವರು ಅಂಬಾಸಿಡರ್ ಕೊಳ್ಳಿ. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೂ ತಯಾರಾದ ಗಾಡಿ, ಎಷ್ಟೋ ಸಾಮಾನು ಇಂದಿಗೂ ಸಿಗುತ್ತದೆ.

ಬೆಂಗಳೂರಿನಿಂದ:
ಅವರು ಕೊಳ್ಳುತ್ತಿಲ್ಲ, ಅಜ್ಜನ ಕಾರು ಇದೆ ಎನ್ನುತ್ತಿದ್ದಾರೆ. ಮಾರ್ಕ್ 4ರ ಸಾಮಾನು ತಂದು ಮಾರ್ಕ್ 2ಕ್ಕೆ ಕೂರಿಸುವುದನ್ನು ನೀವು ಮೂಲ ಎನ್ನುತ್ತೀರಾ?

ಮಂಗಳೂರಿನಿಂದ:
ನನ್ನ ಗ್ರಿಲ್ ಮಾರ್ಕ್ 2ರದ್ದೇ. ಚೆನ್ನೈನ ಪುದುಪೇಟೆಯಲ್ಲಿ ಹುಡುಕಿ 14,500 ಕೊಟ್ಟು ತಂದಿದ್ದೇನೆ. ನೋಡದೆ ಮಾತಾಡಬೇಡಿ.

ತುಮಕೂರಿನಿಂದ, 1958ರ ಫಿಯೆಟ್:
ನೆಲ ಪೂರ್ತಿ ಕತ್ತರಿಸಿದೆ ಎಂದು ಹೆಮ್ಮೆಯಿಂದ ಬರೆಯುವ ಮೊದಲು 2021ರ ಜುಲೈನಲ್ಲಿ ಬಂದ ವಿಂಟೇಜ್ ವಾಹನಗಳ ನಿಯಮ ಓದಿ. 50 ವರ್ಷ ದಾಟಿದ್ದರಷ್ಟೇ ಸಾಲದು, ಮೂಲ ರೂಪದಲ್ಲಿರಬೇಕು. ಚಾಸಿ, ಬಾಡಿ ಶೆಲ್, ಎಂಜಿನ್‌ನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಹೊಸ ನೋಂದಣಿಗೆ 20,000, ಮರುನೋಂದಣಿಗೆ 5,000, ಹತ್ತು ವರ್ಷದ ಅವಧಿ. ನನ್ನ ಕಾರಿಗೆ ಕಾಗದ ಕಳೆದುಹೋಗಿತ್ತು. ಅದಕ್ಕಾಗಿ ಪಟ್ಟ ಪಾಡು ಶತ್ರುವಿಗೂ ಬೇಡ. ಏಜೆಂಟರಿಗೆ ಕೊಟ್ಟ 35,000ಕ್ಕೆ ಒಂದು ಚೀಟಿಯೂ ಮರಳಿ ಬರಲಿಲ್ಲ.

ಮಂಗಳೂರಿನಿಂದ:
ತುಕ್ಕು ಹಿಡಿದ ತಗಡು ತೆಗೆದು ಅದೇ ಆಕಾರದ, ಅದೇ ದಪ್ಪದ ತಗಡು ಹಾಕುವುದು ದುರಸ್ತಿ, ಮಾರ್ಪಾಡಲ್ಲ. ಅದೂ ಅಲ್ಲದೆ ವಿಂಟೇಜ್ ನೋಂದಣಿ ಮಾಡಿಸಿದರೆ ದಿನನಿತ್ಯ ಓಡಿಸುವಂತಿಲ್ಲ: ಪ್ರದರ್ಶನ, ರ್‍ಯಾಲಿ, ಪೆಟ್ರೋಲ್, ರಿಪೇರಿ, ಇಷ್ಟಕ್ಕೇ. ನಾನು ಪ್ರತಿ ಭಾನುವಾರ ಕಾರಿನಲ್ಲಿ ಮೀನು ತರಲು ಹೋಗುವವನು. ಆ ನೋಂದಣಿ ನನಗೇಕೆ?

ತುಮಕೂರಿನಿಂದ:
ಮೀನು ತರಲು ಸ್ಕೂಟರ್ ಇಲ್ಲವೇ? ಇಂಥ ಕಾರುಗಳನ್ನು ನಾಳೆಯವರಿಗೆ ಉಳಿಸುವುದು ನಮ್ಮ ಕರ್ತವ್ಯ.

ಮಂಗಳೂರಿನಿಂದ:
ಓಡದ ಕಾರಿನಲ್ಲಿ ಸೀಲ್ ಒಣಗುತ್ತದೆ, ಬ್ರೇಕಿನ ವೀಲ್ ಸಿಲಿಂಡರ್ ಕಚ್ಚಿಕೊಳ್ಳುತ್ತದೆ, ಟ್ಯಾಂಕಿನಲ್ಲಿ ತುಕ್ಕು ಕೂರುತ್ತದೆ. ನೀವು ಉಳಿಸುತ್ತಿಲ್ಲ, ಕೊಲ್ಲುತ್ತಿದ್ದೀರಿ.

ತೀರ್ಥಹಳ್ಳಿಯಿಂದ:
ಎಲ್ಲರಿಗೂ ನಮಸ್ಕಾರ. ಎಂಜಿನ್ನೋ ಬಾಡಿಯೋ ಎಂಬುದಕ್ಕೆ ಯಾರಾದರೂ ಉತ್ತರಿಸುತ್ತೀರಾ? ನಾಳೆ ಒಬ್ಬ ಮೆಕ್ಯಾನಿಕ್ ಬಂದು ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ಎಂಜಿನ್ ಬಿಡಿಸುತ್ತೇನೆ ಎಂದಿದ್ದಾರೆ.

ಹುಬ್ಬಳ್ಳಿಯಿಂದ, ಅಪ್ಪನ ಗ್ಯಾರೇಜಿನಲ್ಲಿ ಬೆಳೆದವನು:
ಎಳೆಯಲು ಬಿಡಬೇಡಿ! ರಿಂಗ್ ಮುರಿದು ಬೋರ್ ಗೀರುತ್ತದೆ. ನಾಲ್ಕೂ ಪ್ಲಗ್ ಬಿಚ್ಚಿ ಡೀಸೆಲ್, ಎಂಜಿನ್ ಆಯಿಲ್ ಬೆರೆಸಿ ಸಿಲಿಂಡರಿಗೆ ಹಾಕಿ ವಾರಗಟ್ಟಲೆ ಬಿಡಿ. ಆಮೇಲೆ ಕ್ರ್ಯಾಂಕ್ ನಟ್‌ಗೆ ಪಾನಾ ಹಾಕಿ ಹಿಂದಕ್ಕೆ ಮುಂದಕ್ಕೆ ಕೂದಲೆಳೆಯಷ್ಟು ಆಡಿಸಿ. ಹೆಡ್ ಅಲ್ಯೂಮಿನಿಯಂ, ಬ್ಲಾಕ್ ಎರಕದ ಕಬ್ಬಿಣ. ಸ್ಟಡ್‌ಗಳಿಗೆ ಕಚ್ಚಿಕೊಂಡಿರುತ್ತದೆ, ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಎರಡೂ ಕೂಡುವ ಸಮತಟ್ಟು ಮುಖ ಹಾಳು. ನನ್ನ ಪ್ರಕಾರ ಬಾಡಿ ಮೊದಲು. ಎಂಜಿನ್ ಇಳಿಸಿ ಒಳಗಿಟ್ಟರೆ ಕಾಯುತ್ತದೆ, ತುಕ್ಕು ಕಾಯುವುದಿಲ್ಲ. ಆದರೆ ಒಂದು ರೂಪಾಯಿ ಖರ್ಚು ಮಾಡುವ ಮುನ್ನ ಆರ್‌ಸಿ ವಾರಸುದಾರರ ಹೆಸರಿಗೆ ವರ್ಗ ಮಾಡಿಸಿ.

ಮೈಸೂರಿನಿಂದ:
ಡೀಸೆಲ್ ಬೇಡ, ಸೀಮೆಎಣ್ಣೆಯೇ ಸರಿ. ಡೈನಮೋ ಮಾತ್ರ ಗುಜರಿಗೆ ಹಾಕಬೇಡಿ. ನಿಮಗೆ ಬೇಡವಾದರೆ ನನಗೆ ಹೇಳಿ, ಬೆಲೆ ಕೊಟ್ಟೇ ಒಯ್ಯುತ್ತೇನೆ.

ಬೆಂಗಳೂರಿನಿಂದ:
ನೋಡಿ, ಇವರ ಡೈನಮೋ ಸುಟ್ಟಿದೆ! ಅದನ್ನು ಮೊದಲೇ ಹೇಳಬೇಕಿತ್ತು.

ಮೈಸೂರಿನಿಂದ:
ಸುಟ್ಟಿಲ್ಲ. ಆರ್ಮೇಚರ್ ಮರುಸುತ್ತಲು ಕೊಟ್ಟಿದ್ದೇನೆ, 3,800.